ಇಬ್ಬರ ಕೋಣೆಯಲ್ಲೊಂದು ತೊಟ್ಟಿಲು

ಯಲ್ಲಾಪುರದ ವಿನೋದಕ್ಕ ಅಳತೆಯ ರವಿಕೆ ತಂದುಕೊಟ್ಟವರನ್ನೂ ನಂಬಿದವಳಲ್ಲ. "ಇದು ನಿಂದೇ ಹೌದಾ?" ಎಂದು ಕೇಳಿ, ಟೇಪು ಹಿಡಿದು ಮತ್ತೊಮ್ಮೆ ಅಳೆದೇ ಬಟ್ಟೆಗೆ ಕತ್ತರಿ ಹಾಕುವವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವನ್ನೇ ನೆಚ್ಚಿ ಮಗಳು ಅಭಿಜ್ಞಾಳನ್ನು ಓದಿಸಿದ ಹೆಂಗಸು. ಸಿಹಿಮಾತು ಆಡಿದವರೆಲ್ಲ ಏನಾದರೊಂದು ಕಿತ್ತುಕೊಂಡೇ ಹೋದದ್ದನ್ನು ಕಂಡವಳು. ಅವಳ ಅನುಮಾನಕ್ಕೆ ಊರು ನಗುತ್ತಿತ್ತು. ಗಂಡಿನ ಕಡೆಯವರ ಬಗ್ಗೆ ವಿಚಾರಿಸಬೇಕಾದಾಗ ಮಾತ್ರ ಅದೇ ಊರು ಅವಳ ಅಂಗಡಿಯ ಮೆಟ್ಟಿಲು ಹತ್ತುತ್ತಿತ್ತು.

ಈಗ ಸ್ವಂತ ಮಗಳ ಸರದಿ. ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದ ಅಭಿಜ್ಞಾ ಅಲ್ಲೇ ಚಿರಂತನನೆಂಬ ಹುಡುಗನನ್ನು ಮೆಚ್ಚಿದ್ದಳು. ಜಾತಿಯಲ್ಲಿ ನಮ್ಮವನೇ, ಔಷಧಿ ಕಂಪನಿಯಲ್ಲಿ ಒಳ್ಳೆಯ ಹುದ್ದೆ. ಆದರೆ ತಂದೆಯ ಕಾಲಕ್ಕೇ ಸಿದ್ದಾಪುರ ಬಿಟ್ಟು ಬೆಳಗಾವಿ ಸೇರಿದ ಮನೆತನ. ಸಿದ್ದಾಪುರದಲ್ಲಿ ಯಾರನ್ನು ಕೇಳಿದರೂ ಅಜ್ಜನ ಹೆಸರಿನಾಚೆ ಏನೂ ಸಿಗಲಿಲ್ಲ. ಹುಬ್ಬಳ್ಳಿಯಲ್ಲಿ ಅವನಿರುವ ಮನೆಯನ್ನಾದರೂ ನೋಡಿ ಬರೋಣವೆಂದರೆ, ಈ ಮಹಾಶಯ ಮನೆಗೆ ಕರೆಯುವ ಬದಲು ಅಲ್ಲಿನ ಬಂಗಲೆಗಳ ಬಡಾವಣೆಯಲ್ಲಿದ್ದ ಐಷಾರಾಮಿ ಹೋಟೆಲಿನಲ್ಲಿ ಕೋಣೆ ಹಿಡಿದ.

"ಮನೆ ಇದ್ದವ ಹೋಟ್ಲಲ್ಲಿ ಎಂತಕ್ಕೆ ಇಳಿಸ್ತ?" ವಿನೋದಕ್ಕ ಮಗಳನ್ನು ಕೇಳಿದಳು.

"ನಿಂಗೆ ಆರಾಮಾಗ್ಲಿ ಹೇಳಿ, ಆಯಿ."

ಆ ಆರಾಮವೇ ಅವಳಿಗೆ ಹಿಡಿಸಲಿಲ್ಲ. ಕೋಣೆ ಹಿಡಿದದ್ದಾದರೂ ನಿಜವೇ ಎಂದು ತಾನೇ ಹೋಟೆಲಿಗೆ ಫೋನು ಮಾಡಿದಳು. ಎಷ್ಟು ಮಂದಿ ಎಂದು ಆ ಕಡೆಯವರು ಕೇಳಿದಾಗ, "ಇಬ್ಬರೇ. ನಾನು, ನಮ್ಮ ಕೂಸು" ಎಂದಳು. ಅವಳ ಮನೆಮಾತಿನಲ್ಲಿ ಮದುವೆಗೆ ಬಂದ ಹುಡುಗಿಯೂ ಕೂಸೇ. ಹುಬ್ಬಳ್ಳಿಯವರಿಗೆ ಕೂಸೆಂದರೆ ಎಳೆ ಮಗು ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಹಾಗಾಗಿ ಕೋಣೆಯ ಬಾಗಿಲು ತೆಗೆದಾಗ ಮಂಚದ ಪಕ್ಕದಲ್ಲೊಂದು ಪುಟ್ಟ ತೊಟ್ಟಿಲಿತ್ತು. ಅದರೊಳಗೆ ಅಂಗೈಯಗಲದ ಟವೆಲು, ಮಕ್ಕಳ ಪೌಡರು. ಅಭಿಜ್ಞಾ ಚಿರಂತನನನ್ನು ಕರೆತರಲು ಕೆಳಗೇ ಉಳಿದಿದ್ದಳು. ಕಾಲು ಹೂತುಹೋಗುವ ರತ್ನಗಂಬಳಿ, ಗೋಡೆಯಗಲದ ಕನ್ನಡಿ, ಯಾವುದೂ ವಿನೋದಕ್ಕನ ಕಣ್ಣಿಗೆ ಬೀಳಲಿಲ್ಲ. ಮನೆಗೆ ಕರೆಯದ ಗಂಡು, ಯಾರಿಗೂ ಗೊತ್ತಿಲ್ಲದ ಮನೆತನ, ಈಗ ತೊಟ್ಟಿಲು. ಅವಳ ಲೆಕ್ಕ ಕೂಡಿತು. ಇವನು ಹೆಂಡತಿ ಮಗುವನ್ನು ಕಟ್ಟಿಕೊಂಡು ಇಲ್ಲಿಗೇ ಬಂದು ಹೋಗುವವನು. ಹೋಟೆಲಿನವರು ರೂಢಿಯಂತೆ ತೊಟ್ಟಿಲು ಇಟ್ಟು ಗುಟ್ಟು ಬಿಟ್ಟುಕೊಟ್ಟಿದ್ದಾರೆ!

ಸ್ವಲ್ಪ ಹೊತ್ತಿಗೆ ಇಬ್ಬರೂ ಬಂದರು.

"ಕೋಣೆ ಅಡ್ಡಿಲ್ಯಾ, ಅತ್ತೆ?" ಎಂದ ಚಿರಂತನ.

"ಅದಿರ್ಲಿ. ನಿನ್ನ ಮಗು ಎಲ್ಲಿದ್ದು?"

ಅವನು ಥಟ್ಟನೆ ಅಭಿಜ್ಞಾಳ ಕಡೆ ತಿರುಗಿ, "ನೀನು ಹೇಳಿಬಿಟ್ಯಾ?" ಎಂದ.

ಇಷ್ಟು ಬೇಗ ಸಿಕ್ಕಿಬೀಳುತ್ತಾನೆಂದು ವಿನೋದಕ್ಕನೂ ಎಣಿಸಿರಲಿಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಬಡಿದು, ಹೋಟೆಲಿನ ಹೆಂಗಸೊಬ್ಬಳು ಹಾಲಿನ ಲೋಟ ಹಿಡಿದು ಒಳಬಂದಳು.

"ಕೂಸಿಗೆ ಹಾಲು ತಂದೀನ್ರಿ. ಎಲ್ಲೈತ್ರಿ ಕೂಸು?"

"ಯಾವ ಕೂಸು?" ಎಂದಳು ವಿನೋದಕ್ಕ.

"ಫೋನಿನ್ಯಾಗ ನೀವ ಹೇಳಿದ್ರಂತಲ್ರಿ, ನಾನು ನಮ್ಮ ಕೂಸು ಅಂತ. ಅದಕ್ಕ ತೊಟ್ಟಿಲಾ ಇಟ್ಟೇವ್ರಿ."

ವಿನೋದಕ್ಕ ಹೇಳಿದ ಕೂಸು, ಇಪ್ಪತ್ತಾರು ವರ್ಷದ್ದು, ತಲೆ ತಗ್ಗಿಸಿ ಅಲ್ಲೇ ನಿಂತಿತ್ತು. ಬೇರೆ ದಿನವಾಗಿದ್ದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಈಗ ಹಾಲಿನ ಲೋಟವನ್ನು ಮೇಜಿನ ಮೇಲಿಡಿಸಿ ಹೆಂಗಸನ್ನು ಸಾಗಹಾಕಿದರು.

ಹೆಂಡತಿ ಕಾಯಿಲೆಯಿಂದ ತೀರಿಕೊಂಡು ಎರಡು ವರ್ಷವಾಯಿತೆಂದು ಚಿರಂತನ ನಿಂತೇ ಹೇಳಿದ. ಮಗಳು ಸಮೃದ್ಧಿಗೆ ಈಗ ನಾಲ್ಕು. "ಮನೆಗೆ ಕರ್ದ್ರೆ, ಬಾಗ್ಲಲ್ಲಿ ಮಗು ಕಂಡು ನಿಂಗ ಹಂಗೇ ತಿರುಗಿ ಹೋಗ್ತಿ ಹೇಳಿ ಹೆದ್ರಿಕೆ ಆತು. ಇಲ್ಲಿ ಕೂತು ಎಲ್ಲ ಹೇಳವು ಹೇಳಿ ಇದ್ದಿದ್ದೆ."

ವಿನೋದಕ್ಕ ಅವನನ್ನು ನೋಡಲಿಲ್ಲ. ಮಗಳನ್ನು ಕೇಳಿದಳು: "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಆಯಿ."

"ಯಂಗೆ ಎಂತಕ್ಕೆ ಹೇಳಿದ್ದಿಲ್ಲೆ?"

"ಎಂತ ಹೇಳಿದ್ರೂ ನೀನು ಮೊದ್ಲು ಸುಳ್ಳು ಹೇಳೇ ತಿಳ್ಕತ್ತೆ. ನಿಂಗೆ ಖರೆ ಹೇಳಲೆ ಹೆದ್ರಿಕೆ ಆಗ್ತು."

ವಿನೋದಕ್ಕನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಅಳು. ಜಗತ್ತು ಮಗಳಿಗೆ ಮೋಸ ಮಾಡದಿರಲೆಂದು ಕಾದವಳು ಅವಳು. ಆ ಮಗಳೇ ಊರಿಗೆ ಬಂದಾಗಲೆಲ್ಲ ಎದುರು ಕೂತು ಉಂಡು, ಬಾಯಿ ಬಿಡದೆ ಇದ್ದಳಲ್ಲ! ಅಳುವನ್ನು ನುಂಗಿಕೊಂಡು ಚಿರಂತನನ ಕಡೆ ತಿರುಗಿದಳು.

"ಮಗು ಈಗ ಎಲ್ಲಿದ್ದು?"

"ಕೆಳಗೆ. ಯನ್ನ ಅಕ್ಕನ ಹತ್ರ ಕೂತಿದ್ದು."

"ಕರ್ಕಂಡು ಬಾ."

ಅವನು ಹೋಗಿ ಕರೆತಂದ. ಸಮೃದ್ಧಿ ಅಪ್ಪನ ಕಾಲನ್ನು ಅಪ್ಪಿ ಹಿಡಿದು, ವಿನೋದಕ್ಕನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ವಿನೋದಕ್ಕ ಕೈ ಚಾಚಿದರೂ ಹತ್ತಿರ ಬರಲಿಲ್ಲ.

"ಅಪ್ಪಾ, ಬೈಯೋ ಅಜ್ಜಿ ಇವ್ರೇನಾ?"

"ಆನು ಬೈತೆ ಹೇಳಿ ನಿಂಗೆ ಯಾರು ಹೇಳಿದ್ದು?" ಎಂದಳು ವಿನೋದಕ್ಕ, ಚಿರಂತನನನ್ನೇ ದುರುಗುಟ್ಟಿ ನೋಡುತ್ತ.

ಮಗು ಬೆರಳು ತೋರಿಸಿದ್ದು ಅಭಿಜ್ಞಾಳನ್ನು.