ಕುತಾಯಿಸಿಯಲ್ಲಿ ನನ್ನ ಜಡೆ

ಜಾರ್ಜಿಯಾ ದೇಶದ ಕುತಾಯಿಸಿಗೆ ಬಂದ ಮೂರನೆಯ ಬೆಳಿಗ್ಗೆ, ನಾನಿದ್ದ ಗೆಸ್ಟ್‌ಹೌಸಿನ ಬಚ್ಚಲ ಬಾಗಿಲಿಗೆ ನನ್ನ ಜಡೆಯ ಚಿತ್ರ ಅಂಟಿಸಿದ್ದರು. ನೀಲಿ ಪೆನ್ನಿನಲ್ಲಿ ಬರೆದ ಪುಟ್ಟದೊಂದು ತಲೆ. ಅದರಿಂದ ಹಾಳೆಯ ಕೆಳ ಅಂಚಿನವರೆಗೂ ಇಳಿದ ಜಡೆ ನೀರು ಹೋಗುವ ಕಿಂಡಿಯೊಳಗೆ ಮಾಯವಾಗಿತ್ತು. ಇಡೀ ಚಿತ್ರದ ಮೇಲೆ ಕೆಂಪು ಅಡ್ಡಗೆರೆ. ಕೆಳಗೆ ಜಾರ್ಜಿಯನ್ ಲಿಪಿಯಲ್ಲಿ ಎರಡು ಸಾಲು. ಓದಲು ಬರದಿದ್ದರೂ ಅರ್ಥವಾಯಿತು. ಆ ಮನೆಯಲ್ಲಿದ್ದ ಹದಿನಾಲ್ಕು ಜನರಲ್ಲಿ ಮೊಣಕಾಲು ಮುಟ್ಟುವ ಜಡೆ ನನಗೊಬ್ಬಳಿಗೇ ಇದ್ದದ್ದು.

ಹಿಂದಿನ ಸಂಜೆ ನಾನು ತಲೆಗೆ ನೀರು ಹಾಕಿಕೊಂಡಿದ್ದೆ. ನೀರು ಕಿಂಡಿಯಲ್ಲಿ ಇಳಿಯದೆ ಹೊರಗೆ ಹರಿದು, ಪಡಸಾಲೆಯಲ್ಲಿಟ್ಟಿದ್ದ ಯಾರದೋ ಬೂಟುಗಳನ್ನು ತೇಲಿಸಿತ್ತು. ಮನೆಯೊಡತಿ ಮನಾನಾ ತಂತಿ ಹಾಕಿ ಕಿಂಡಿಯಿಂದ ಎಳೆದದ್ದನ್ನು ಮೊದಲು ಸತ್ತ ಇಲಿಯೆಂದೇ ತಿಳಿದರಂತೆ.

ನಾನು ನಾಗವೇಣಿ. ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಕಡೆಯ, ಕುರಿ ಸಾಕುವ ಮನೆಯವಳು. ಶಿರಾದ ಒಂದು ಶಾಲೆಯಲ್ಲಿ ಎಂಟು ವರ್ಷ ಭೂಗೋಳ ಪಾಠ ಮಾಡಿದೆ. ಕಪ್ಪು ಹಲಗೆಯ ಮೇಲೆ ಬಿಟ್ಟರೆ ಬೇರೆಲ್ಲೂ ಹಿಮದ ಬೆಟ್ಟ ನೋಡದವಳು ಅದನ್ನೇ ವರ್ಷ ವರ್ಷ ವಿವರಿಸುತ್ತಿದ್ದೇನಲ್ಲ ಎಂದು ಒಂದು ದಿನ ನಾಚಿಕೆಯಾಯಿತು. ಆರು ತಿಂಗಳು ರಜೆ ಹಾಕಿ, ಬೆನ್ನಿಗೊಂದು ಚೀಲ ಏರಿಸಿಕೊಂಡು ಹೊರಟೆ. ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಬುದ್ಧಿ ಹೇಳಿದರು. ಅವ್ವನದು ಒಂದೇ ಷರತ್ತು.

"ಎಲ್ಲಿಗಾರ ಹೋಗು, ಏನಾರ ತಿನ್ನು. ಕೂದ್ಲು ಮಾತ್ರ ಕತ್ತರಿಸ್ಬ್ಯಾಡ ಕಣೆ. ನಾನು ಸಾಕಿರೋ ಕೂದ್ಲದು."

ಸಾಕಿದ್ದು ನಿಜ. ನಮ್ಮಲ್ಲಿ ಭಾನುವಾರವೆಂದರೆ ತಲೆಯ ದಿನ. ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ. ಅವ್ವ ನನ್ನ ತಲೆಗೆ ಹರಳೆಣ್ಣೆ ತಟ್ಟಿ, ಸೀಗೆಪುಡಿ ಹಾಕಿ ತಿಕ್ಕುತ್ತಾಳೆ. ಆಮೇಲೆ ನಾನು ಅವ್ವನ ತಲೆ ತಿಕ್ಕುತ್ತೇನೆ. ಒಣಗಿಸುವುದು ಬಿಸಿಲಿನ ಕೆಲಸ. ನಮ್ಮ ಕಡೆ ಅದಕ್ಕೇನು ಬರವಿಲ್ಲ. ಪಕ್ಕದ ಪಾವಗಡದಲ್ಲಿ ಬಿಸಿಲನ್ನೇ ಹೊಲಗಟ್ಟಲೆ ಹಿಡಿದು ಕರೆಂಟು ಮಾಡುತ್ತಾರೆ.

ಕುತಾಯಿಸಿಯಲ್ಲಿ ಹಂಡೆಯಿಲ್ಲ, ಚೊಂಬಿಲ್ಲ. ನಿಂತುಕೊಂಡೇ ಸ್ನಾನ. ಬಿಸಿನೀರು ನನ್ನ ಕೂದಲಿನ ಬುಡ ನೆನೆಯುವಷ್ಟರಲ್ಲಿ ಮುಗಿದು, ನಡು ಮತ್ತು ತುದಿಗೆ ಹಿಮದ ನದಿಯ ನೀರೇ ಗತಿ. ಅಡುಗೆಮನೆಯಿಂದ ಹಿಡಿಯಿರುವ ಪಾತ್ರೆಯೊಂದನ್ನು ಒಯ್ದು ಚೊಂಬು ಮಾಡಿಕೊಂಡೆ. ತಿಂಗಳಲ್ಲಿ ಹತ್ತು ದಿನ ಮಳೆ. ಜಡೆಯನ್ನು ಕೋಣೆಯ ಹೀಟರಿಗೆ ಆನಿಸಿ ಒಣಗಿಸಲು ಹೋಗಿ ಒಮ್ಮೆ ಸುಟ್ಟ ವಾಸನೆ ಬಂತು. ಅವರ ಭಾಷೆಯಲ್ಲಿ ಕೂದಲಿಗೆ 'ತ್ಮ' ಅನ್ನುತ್ತಾರೆ. ಇಷ್ಟುದ್ದದ ವಸ್ತುವಿಗೆ ಅಷ್ಟು ಗಿಡ್ಡ ಹೆಸರು. ಬಾಚಣಿಗೆಗೆ 'ಸವರ್ತ್ಸ್‌ಖೆಲಿ'. ಅಂಗಡಿಯಲ್ಲಿ ಆ ಮಾತು ಹೇಳಲಾಗದೆ, ತಲೆ ಬಾಚುವಂತೆ ಕೈಯಾಡಿಸಿದೆ. ಅಂಗಡಿಯಾಕೆ ಹೇನಿನ ಔಷಧಿ ಕೊಟ್ಟಳು.

ಎಣ್ಣೆಯದು ಬೇರೆಯೇ ಕಥೆ. ದಾಸವಾಳ, ಮೆಂತ್ಯ, ಕರಿಬೇವು ಹಾಕಿ ಅವ್ವ ಕಾಯಿಸಿಕೊಟ್ಟ ಕೊಬ್ಬರಿ ಎಣ್ಣೆ ಅಲ್ಲಿಯ ಚಳಿಗೆ ಗಟ್ಟಿಯಾಗಿ ಬೆಣ್ಣೆಯಂತೆ ಕೂತಿತ್ತು. ಕರಗಲೆಂದು ಒಲೆಯ ಪಕ್ಕದಲ್ಲಿಟ್ಟು ಪೇಟೆಗೆ ಹೋಗಿಬಂದೆ. ಬಂದಾಗ ಊಟದ ಮೇಜಿನ ಮೇಲೆ ಹುರಿದ ಆಲೂಗೆಡ್ಡೆ ಘಮಘಮಿಸುತ್ತಿತ್ತು. ಎಲ್ಲರೂ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು.

"ನಾಗಾ, ನಿನ್ನ ಬೆಣ್ಣೆ ಸ್ವಲ್ಪ ತೆಗೆದುಕೊಂಡೆ. ಬಹಳ ಚೆನ್ನಾಗಿದೆ," ಎಂದರು ಮನಾನಾ ತಮ್ಮ ಹರಕು ಇಂಗ್ಲಿಷಿನಲ್ಲಿ.

ಅದು ತಲೆಗೆ ಹಚ್ಚುವುದು ಎಂದು ಕೈಯಲ್ಲಿ ತೋರಿಸಿದೆ. ಅವರು ತಟ್ಟೆಯನ್ನೂ ನನ್ನ ತಲೆಯನ್ನೂ ಒಮ್ಮೆ ನೋಡಿದರು. "ಇವರಿಗೆ ಹೇಳಬೇಡ," ಎಂದು ತಾವೂ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡರು. ನಾವಿಬ್ಬರೂ ಹತ್ತಿರವಾದದ್ದು ಅವತ್ತಿನಿಂದ.

ಐದನೆಯ ತಿಂಗಳಲ್ಲಿ ಉತ್ತರಕ್ಕೆ, ಸ್ವಾನೇತಿಯ ಬೆಟ್ಟಗಳಲ್ಲಿ ನಡೆಯಲು ಹೋದೆ. ಆರು ದಿನ ಜಡೆ ಬಿಚ್ಚಲಿಲ್ಲ. ಹಗಲೆಲ್ಲ ಗಾಳಿ, ಬೆವರು, ಉಣ್ಣೆಯ ಟೋಪಿ. ಹಿಮ ತುಂಬಿದ ಶಿಖರವನ್ನು ಕೊನೆಗೂ ಕಣ್ಣಾರೆ ಕಂಡೆ. ಮಕ್ಕಳಿಗೆ ನಾನು ಹೇಳಿಕೊಟ್ಟದ್ದರಲ್ಲಿ ತಪ್ಪೇನಿರಲಿಲ್ಲ, ಚಳಿಯ ವಿಷಯ ಮಾತ್ರ ಕಡಿಮೆ ಹೇಳಿದ್ದೆ. ವಾಪಸು ಬಂದು ಟೋಪಿ ತೆಗೆದರೆ ಜಡೆಯೆಂಬುದೇ ಇರಲಿಲ್ಲ. ಕತ್ತಿನ ಹಿಂದೆ ತೆಂಗಿನಕಾಯಿ ಗಾತ್ರದ ಗಂಟು. ಬಾಚಣಿಗೆಯ ಮೂರು ಹಲ್ಲು ಮುರಿದು ಅದರೊಳಗೇ ಉಳಿದವು. ಮನಾನಾ ಸುತ್ತಲೂ ಒತ್ತಿ ನೋಡಿ, ಕತ್ತರಿ ತಂದರು.

ನನಗೆ ಅವ್ವನ ಷರತ್ತು ನೆನಪಾಯಿತು. ಅವ್ವನಿಗೆ ವಿಡಿಯೋ ಕರೆ ಮಾಡಿದೆ. ಊರಿನಲ್ಲಿ ಕುರಿ ಮನೆಗೆ ಬರುವ ಹೊತ್ತು. ಅವ್ವ ತಲೆಯ ಮೇಲೆ ಸೆರಗು ಹೊದ್ದು ಕಾಣಿಸಿಕೊಂಡಳು. ಇತ್ತೀಚೆಗೆ ಯಾವಾಗಲೂ ಹಾಗೆಯೇ. ಪರದೇಶದವರ ಮುಂದೆ ಮರ್ಯಾದೆಗೆ ಹೊದೆಯುತ್ತಾಳೆಂದು ನಾನು ತಿಳಿದಿದ್ದೆ.

"ಏನೇ ಅದು, ತಲೇಲಿ ಹಕ್ಕಿ ಗೂಡು ಕಟ್ಟೈತಾ?"

"ಸಿಕ್ಕಾಗೈತವ್ವ. ಬಿಡಿಸಕ್ಕೆ ಆಯ್ತಿಲ್ಲ."

"ಆಯಮ್ಮ ಯಾರು, ಕತ್ರಿ ಹಿಡ್ಕಂಡಿರೋಳು? ಮೊದ್ಲು ಅದ್ನ ಕೆಳಗಿಡಾಕೇಳು."

ನಾನು ಅನುವಾದಿಸುವ ಮೊದಲೇ ಮನಾನಾ ಕತ್ತರಿಯನ್ನು ಮೇಜಿನ ಮೇಲಿಟ್ಟು, ಬರಿಗೈ ಎತ್ತಿ ಫೋನಿಗೆ ತೋರಿಸಿದರು. "ದೇದಾ?" ಎಂದು ನನ್ನನ್ನು ಕೇಳಿದರು. ಅವರಲ್ಲಿ ದೇದಾ ಎಂದರೆ ಅಮ್ಮ. ಮಾಮಾ ಎಂದರೆ ಅಪ್ಪ. ಇದನ್ನು ಒಗ್ಗಿಸಿಕೊಳ್ಳಲು ನನಗೆ ಎರಡು ತಿಂಗಳು ಹಿಡಿದಿತ್ತು.

"ಬುಡದಿಂದ ಬಾಚ್ಬ್ಯಾಡ ಅನ್ನು. ತುದಿಯಿಂದ ಬರ್ಲಿ, ಉಣ್ಣೆ ಬಿಡಿಸ್ದಂಗೆ," ಎಂದಳು ಅವ್ವ. ಉಣ್ಣೆಗೆ ಅವರ ಮಾತು ನನಗೆ ಗೊತ್ತಿರಲಿಲ್ಲ. ಅವ್ವ ಎದ್ದುಹೋಗಿ ಒಂದು ಹಿಡಿ ಕುರಿಯುಣ್ಣೆ ತಂದು, ಬೆರಳಲ್ಲಿ ಎಳೆಎಳೆಯಾಗಿ ಬಿಡಿಸಿ ತೋರಿಸಿದಳು.

"ಮಾತ್ಕ್ಲಿ," ಎಂದರು ಮನಾನಾ. ಅವರ ಮುಖವೇ ಬದಲಾಯಿತು. ಅವರೂ ಬೆಟ್ಟದ ಹಳ್ಳಿಯಲ್ಲಿ ಅಜ್ಜಿಯ ಪಕ್ಕ ಕೂತು ಉಣ್ಣೆ ಬಿಡಿಸಿದವರೇ. ಬಾಚಣಿಗೆ ಬಿಸಾಕಿ, ಕೈಗೆ ಎಣ್ಣೆ ಹಚ್ಚಿಕೊಂಡು ಕೂತರು.

ಫೋನನ್ನು ಉಪ್ಪಿನಕಾಯಿ ಜಾಡಿಗೆ ಆನಿಸಿಟ್ಟೆವು. "ನೇಲಾ, ನೇಲಾ," ಎಂದು ಮನಾನಾ ಗೊಣಗುತ್ತಿದ್ದರು. ಹಾಗೆಂದರೆ ಮೆಲ್ಲಗೆ. "ನಿದಾನ, ನಿದಾನ," ಎಂದು ಅತ್ತಲಿಂದ ಅವ್ವ. ಗಂಟೆ ಕಳೆಯುವಷ್ಟರಲ್ಲಿ ಅವ್ವ "ನೇಲಾ" ಅನ್ನುತ್ತಿದ್ದಳು, ಇವರು "ನಿದಾನ" ಅನ್ನುತ್ತಿದ್ದರು. ಇಬ್ಬರ ನಡುವೆ ನಾನು ಕಣ್ಣೀರು ಸುರಿಸುತ್ತಾ ಕೂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಎರಡು ಗಂಟೆಯ ನಂತರವೂ ಮುಷ್ಟಿಯಷ್ಟು ಗಂಟು ಉಳಿಯಿತು. ಮನಾನಾ ಫೋನಿನ ಕಡೆ ನೋಡಿ ತಲೆಯಾಡಿಸಿದರು.

"ಅವ್ವ, ಕತ್ತರಿಸ್ಬೇಕಾಯ್ತದೆ. ಬೇಜಾರ್ ಮಾಡ್ಕಬ್ಯಾಡ," ಎಂದೆ.

ಅವ್ವ ಕೈಯಲ್ಲಿದ್ದ ಉಣ್ಣೆಯನ್ನು ಮಡಿಲಿಗಿಟ್ಟುಕೊಂಡಳು. ಹಿಂದೆ ಕುರಿಗಳು ಅರಚುತ್ತಿದ್ದವು. "ಕುರಿಗೆ ವರ್ಸಕ್ಕೆ ಎಲ್ಡು ಸಲ ಕತ್ತರಿಸ್ತೀವಿ. ಯಾವ್ ಕುರೀನೂ ಅತ್ತಿಲ್ಲ. ಕತ್ತರಿಸ್ಲಿ ಬುಡು," ಎಂದಳು.

"ನೀನೇ ಅಲ್ವಾ ಬ್ಯಾಡ ಅಂದಿದ್ದು?"

ಅವ್ವ ಅತ್ತಿತ್ತ ನೋಡಿ, ಸೆರಗು ಕೆಳಗಿಳಿಸಿದಳು. ನಡು ಮುಟ್ಟುತ್ತಿದ್ದ ಅವಳ ಜಡೆ ಇರಲಿಲ್ಲ. ಕೂದಲು ಕತ್ತಿನ ಹತ್ತಿರ, ಅಡಿಕೋಲು ಇಟ್ಟು ಗೆರೆ ಎಳೆದಂತೆ ನಿಂತಿತ್ತು.

"ನೀನೋದ್ ತಿಂಗ್ಳಿಗೇ ತೆಗುಸ್ಬುಟ್ಟೆ. ತೋಳು ಮ್ಯಾಕೆ ಏಳಾಕಿಲ್ಲ. ನಿಮ್ ಅತ್ತಿಗೆ ಬಾಚಿದ್ರೆ ಅರ್ಧ ಕೂದ್ಲು ಬಾಚಣಿಗೇಲೇ ಇರ್ತದೆ."

"ಯಾರ್ ಕತ್ತರಿಸಿದ್ದು?"

"ಇನ್ಯಾರು, ನಿಮ್ಮಪ್ಪ. ಕುರಿ ಕತ್ರೀಲಿ. ಕಾಲು ಕಟ್ಲಿಲ್ಲ, ಅಷ್ಟೆ."

ನಾನು ನಕ್ಕೆ. ಮನಾನಾಗೆ ವಿವರಿಸಿದಾಗ ಅವರು ಕುರ್ಚಿ ಹಿಡಿದು ನಕ್ಕರು. ನಗು ನಿಂತ ಮೇಲೆ ಆ ಸೆರಗು ನನಗೆ ಅರ್ಥವಾಯಿತು. ಗೊತ್ತಾದರೆ ಮಗಳು ಓಡಿಬಂದುಬಿಡುತ್ತಾಳೆಂದು ಅವ್ವ ನಾಲ್ಕು ತಿಂಗಳು ಅದನ್ನು ಹೊದ್ದಿದ್ದಳು.

ಮನಾನಾ ಭುಜದ ಮೇಲಕ್ಕೆ ಕತ್ತರಿಸಿದರು. ತಲೆ ಎಷ್ಟು ಹಗುರಾಯಿತೆಂದರೆ ಎರಡು ದಿನ ನಡೆಯುವಾಗ ಮುಂದಕ್ಕೆ ವಾಲುತ್ತಿದ್ದೆ. ಮರುವಾರ ಅವರು, "ಇಲ್ಲೇ ಇರು, ಬೆಳಗಿನ ತಿಂಡಿ ನೋಡಿಕೊ," ಎಂದರು. ಶಾಲೆಗೆ ರಾಜೀನಾಮೆ ಬರೆದೆ. ಬೆಳಿಗ್ಗೆ ಒಲೆ, ಸಂಜೆ ಪಕ್ಕದ ಬೀದಿಯ ಮಕ್ಕಳಿಗೆ ಇಂಗ್ಲಿಷ್ ಪಾಠ. ಇದಾಗಿ ಒಂದೂವರೆ ವರ್ಷವಾಯಿತು. ಕೂದಲನ್ನು ಮತ್ತೆ ಬೆಳೆಯಬಿಡಲಿಲ್ಲ.

ಈಚೆಗೆ ಒಂದು ತಿಂಗಳು ಊರಿಗೆ ಹೋಗಿದ್ದೆ. ಬಾವಿಯ ಹತ್ತಿರ ಸಿಕ್ಕವರೆಲ್ಲ, "ತಿರುಪ್ತಿಗೋಗಿದ್ದೇನಮ್ಮ?" ಎಂದು ಕೇಳಿದರು. ಮಧುಗಿರಿಯ ಬಸ್ಸಿನಲ್ಲಿ ಕಂಡಕ್ಟರ್ ನನ್ನ ತಲೆ ನೋಡಿ ಹಿಂದಿಯಲ್ಲಿ ಮಾತಾಡಿಸಿದ. ಐ.ಡಿ.ಹಳ್ಳಿ ಅಂದೆ. ನಂಬದೆ ಇನ್ನೊಮ್ಮೆ ಕೇಳಿದ. ಕುತಾಯಿಸಿಯ ಸಂತೆಯಲ್ಲಾದರೋ ಈಗ ಸೊಪ್ಪಿನವಳು ನನಗೆ ಜಾರ್ಜಿಯನ್ನಿನಲ್ಲೇ ಬೈಯುತ್ತಾಳೆ.

ಹೊರಡುವ ದಿನ ಅವ್ವ ಬಸ್ಸಿನವರೆಗೂ ಬಂದಳು. ಚೀಲ ಎತ್ತಿಕೊಟ್ಟು, ಕಿಟಕಿಯ ಸರಳು ಹಿಡಿದು ನಿಂತಳು.

"ಮನೆ ಮುಟ್ಟಿದ್ ತಕ್ಷಣ ಫೋನ್ ಮಾಡು."

ಹೇಳಿದ ಮೇಲೆ, ಕುತಾಯಿಸಿಯನ್ನು 'ಮನೆ' ಅಂದದ್ದು ಅವಳಿಗೂ ಕೇಳಿಸಿತು. ತಿದ್ದಲು ಬಾಯಿ ತೆರೆದು, ತಿದ್ದದೆ ಸೆರಗು ಸರಿಮಾಡಿಕೊಂಡಳು. ಬಸ್ಸು ಹೊರಟಿತು. ಮಾಡ್ತೀನವ್ವ, ಎಂದೆ.