ಐನೂರು ಮೀಟರಿನ ವೃತ್ತದೊಳಗೆ ಬಾಲಮ್ಮ

ಬಾಲಮ್ಮನ ಮುಖ ನೋಡುವ ಮೊದಲೇ ನಾನು ಆಕೆಯ ಅರ್ಜಿಯನ್ನು ತಿರಸ್ಕರಿಸಿದ್ದೆ. ಅದಕ್ಕೆ ಎರಡು ನಿಮಿಷವೂ ಹಿಡಿದಿರಲಿಲ್ಲ.

ಎರಡು ಸಾವಿರದ ಎಂಟನೇ ಇಸವಿ. ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಮೂರನೇ ಮಹಡಿಯ ಒಂದು ಕಚೇರಿಯಲ್ಲಿ ನಾನು ಗುತ್ತಿಗೆಯ ಮೇಲಿದ್ದ ಕಂಪ್ಯೂಟರ್ ಆಪರೇಟರ್. ನಗರದ ಪೂರ್ವ ಭಾಗದಿಂದ ಹೊಸ ಅಂಗನವಾಡಿ ಬೇಕೆಂದು ಬರುವ ಅರ್ಜಿಗಳನ್ನು ನಕ್ಷೆಗೆ ಹಾಕಿ ನೋಡಿ, ಆಗುತ್ತದೋ ಇಲ್ಲವೋ ಎಂದು ಬರೆಯುವುದು ನನ್ನ ಕೆಲಸ. ಕಚೇರಿಗೆ ಇಂಟರ್‌ನೆಟ್ಟಿನಲ್ಲಿ ತೆರೆಯುವ ನಕ್ಷೆ ಬಂದದ್ದು ಆ ವರ್ಷವೇ. ಇರುವ ಅಂಗನವಾಡಿಯ ಮೇಲೆ ಒಂದು ಕ್ಲಿಕ್ ಮಾಡಿ, ಪಕ್ಕದ ಚೌಕದಲ್ಲಿ ಐನೂರು ಎಂದು ಹೊಡೆದು ಗುಂಡಿ ಒತ್ತಿದರೆ ಸುತ್ತ ತಿಳಿಗುಲಾಬಿ ಬಣ್ಣದ ವೃತ್ತ ಮೂಡುತ್ತಿತ್ತು. ಅದರ ಹೆಸರು ಬಫರ್. ಅರ್ಜಿಯ ಜಾಗ ವೃತ್ತದ ಹೊರಗೆ ಬಿದ್ದರೆ ಕಾಗದ ಮುಂದಿನ ಮೇಜಿಗೆ, ಒಳಗೆ ಬಿದ್ದರೆ ವಾಪಸ್ಸು. ಐನೂರು ಮೀಟರಿನೊಳಗೆ ಒಂದು ಅಂಗನವಾಡಿ ಇದ್ದರೆ ಇನ್ನೊಂದು ಕೊಡಕೂಡದೆಂದು ನಮ್ಮ ಸುತ್ತೋಲೆ ಹೇಳುತ್ತಿತ್ತು. ದಿನಕ್ಕೆ ನಲವತ್ತು ಅರ್ಜಿ ಮುಗಿಸುತ್ತಿದ್ದೆ. ಕಂಪ್ಯೂಟರ್ ತಪ್ಪುವುದಿಲ್ಲ ಎಂಬ ನಂಬಿಕೆ ಕಚೇರಿಯಲ್ಲೆಲ್ಲ ಇತ್ತು. ಎತ್ತು ಈಯಿತು ಎಂದು ನಕ್ಷೆ ಹೇಳಿದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರ ಸಾಲಿನಲ್ಲಿ ನಾನೂ ಇದ್ದೆ.

ಉತ್ತರ ತಲುಪಿದ ವಾರಕ್ಕೆ ಬಾಲಮ್ಮ ಬಂದಳು. ಸುಮಾರು ನಲವತ್ತು ವರ್ಷದ, ಸೊಂಟ ಹಿಡಿದುಕೊಂಡು ನಡೆಯುವ ಹೆಂಗಸು. ನಾನು ಕಳಿಸಿದ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು.

"ಅಂಗನವಾಡಿ ಅರ್ಜಿ ನೋಡೋರು ನೀವೇನ್ರಿ?"

"ಹೌದಮ್ಮ. ನಿಮಗೆ ಹತ್ತಿರದಲ್ಲೇ ಒಂದು ಅಂಗನವಾಡಿ ಇದೆಯಲ್ಲ. ನಾನೂರ ಮೂವತ್ತು ಮೀಟರ್ ಅಷ್ಟೇ."

"ಐತ್ರಿ. ಅಲ್ಲಿ ಜಹನಾರಾ ಟೀಚರು ಭಾಳ ಚಲೋರು. ಆದ್ರ ನಡುವ ರೈಲು ಐತಲ್ರಿ ಮೇಡಮ್ಮಾರ."

ನಾನು ಪರದೆಯ ಕಡೆ ತಿರುಗಿದೆ. ಕೃಷ್ಣರಾಜಪುರ ಸ್ಟೇಷನ್ ದಾಟಿ ಪೂರ್ವಕ್ಕೆ, ಅಂಗನವಾಡಿ ಉತ್ತರಕ್ಕಿತ್ತು, ಬಾಲಮ್ಮನ ಶೀಟು ಮನೆಗಳ ಸಾಲು ದಕ್ಷಿಣಕ್ಕಿತ್ತು. ನಡುವೆ ರೈಲು ಹಳಿಯೂ ಇತ್ತು, ಕೂದಲೆಳೆಯಷ್ಟು ತೆಳ್ಳಗೆ, ಗುಲಾಬಿ ಬಣ್ಣದ ಕೆಳಗೆ. ವೃತ್ತ ಅದರ ಮೇಲೆ ಹಾದುಹೋಗಿತ್ತು. ನನಗೆ ನಾಚಿಕೆಯಾಯಿತು.

ಅಂದು ಕುರ್ಚಿ ಕೊಟ್ಟು ಕೂರಿಸಿ ಆಕೆಯ ಕಥೆ ಕೇಳಿದೆ. ಲಿಂಗಸುಗೂರು ಕಡೆಯವಳು. ಹತ್ತು ವರ್ಷದ ಹಿಂದೆ ಗಂಡ ಅಮರಪ್ಪನ ಜೊತೆ ಗಾರೆ ಕೆಲಸಕ್ಕೆ ಬಂದವಳು. ದೊಡ್ಡನೆಕ್ಕುಂದಿ ಕಡೆಯ ಗಾಜಿನ ಕಟ್ಟಡಗಳಲ್ಲಿ ಯಾವುದಕ್ಕೆ ಎಷ್ಟು ಮಹಡಿಯವರೆಗೆ ತಾನು ಬಾಂಡ್ಲಿ ಹೊತ್ತೆ ಎಂದು ಈಗಲೂ ಹೇಳಬಲ್ಲಳು. ಒಮ್ಮೆ ಜಾರಿ ಬಿದ್ದು ಸೊಂಟ ಹೋಯಿತು. ಆಮೇಲೆ ಮನೆಯಲ್ಲೇ ಕೂತಳು. ಕೂತವಳ ಹತ್ತಿರ ಪಕ್ಕದ ಮನೆಯವಳು ಕೂಸು ಬಿಟ್ಟು ಕೆಲಸಕ್ಕೆ ಹೋದಳು, ಅದನ್ನು ನೋಡಿ ಆಚೆ ಮನೆಯವಳು ಎರಡು ಬಿಟ್ಟಳು. ಈಗ ಇಪ್ಪತ್ಮೂರು. ಅರ್ಜಿಯಲ್ಲಿ ಅಂಗನವಾಡಿಗೆಂದು ತೋರಿಸಿದ್ದ ಜಾಗವೂ ಆಕೆಯ ಮನೆಯೇ. ಕೊಡಲು ಆಕೆಗೆ ಬೇರೆ ಇರಲಿಲ್ಲ.

ಇಪ್ಪತ್ಮೂರರಲ್ಲಿ ಗಟ್ಟಿ ಕಾಲಿನ ಒಂಬತ್ತು ಮಕ್ಕಳನ್ನು ಆಕೆ ದಿನವೂ ಹಳಿ ದಾಟಿಸಿ ಜಹನಾರಾ ಟೀಚರ ಹತ್ತಿರ ಕರೆದೊಯ್ಯುತ್ತಿದ್ದಳು, ಊಟ ಅಲ್ಲಿ ತಾನೇ ಸಿಗುವುದು. ಒಂದು ಹಳೇ ಸೀರೆಗೆ ಮೊಳಕ್ಕೊಂದರಂತೆ ಒಂಬತ್ತು ಗಂಟು ಹಾಕಿದ್ದಳು. ಮಗುವಿಗೊಂದು ಗಂಟು, ಬಿಡಕೂಡದು. ಯಾವ ಗಾಡಿ ಎಷ್ಟು ಹೊತ್ತಿಗೆಂಬುದು ಆಕೆಗೆ ಬಾಯಿಪಾಠ. ಗೂಡ್ಸ್ ಗಾಡಿಗೆ ಮಾತ್ರ ಹೊತ್ತುಗೊತ್ತಿಲ್ಲ. ಹಿಂದಿನ ತಿಂಗಳು ಒಂದು ಹುಡುಗಿ ಚಪ್ಪಲಿ ಬಿತ್ತೆಂದು ಗಂಟು ಬಿಟ್ಟು ಹಳಿಯ ನಡುವೆ ನಿಂತುಬಿಟ್ಟಿತ್ತಂತೆ.

"ಗಾಡಿ ಬರಲಿಲ್ರಿ, ಅಷ್ಟ. ಬಂದಿದ್ರ ಅವರವ್ವಗ ನಾ ಏನ್ ಹೇಳ್ತಿದ್ದೆ?" ಎಂದಳು. ಉಳಿದ ಹದಿನಾಲ್ಕನ್ನು ಆಕೆ ದಾಟಿಸುತ್ತಲೇ ಇರಲಿಲ್ಲ. ಅವಕ್ಕೆ ಮನೆಯಲ್ಲಿ ಏನಿದೆಯೋ ಅದೇ.

"ಹಳಿ ದಾಟದೆ ಹೋದ್ರೆ ಎಷ್ಟು ದೂರ?" ಎಂದು ಕೇಳಿದೆ.

"ಸ್ಟೇಷನ್ ಕಡಿ ಹ್ಯಾಂಗಿಂಗ್ ಬ್ರಿಡ್ಜ್ ಮ್ಯಾಲಾಸಿ ಸುತ್ತಿ ಬರಬೇಕ್ರಿ. ಮಕ್ಕಳು ನಡಿಯಂಗಿಲ್ಲ."

ಆ ದೂರವನ್ನು ಅಳೆದು ತೋರಿಸಿಯೇ ಬಿಡುತ್ತೇನೆಂದು ಮಧ್ಯಾಹ್ನ ಕೂತೆ. ನಕ್ಷೆಯಲ್ಲಿ ಸ್ಕೇಲಿನ ಚಿತ್ರವಿರುವ ಒಂದು ಗುಂಡಿಯಿತ್ತು. ಅದನ್ನು ಒತ್ತಿ, ದಾರಿಯ ತಿರುವು ತಿರುವಿಗೂ ಒಂದೊಂದು ಕ್ಲಿಕ್ ಮಾಡುತ್ತ ಹೋಗಬೇಕು. ಕೊನೆಗೆ ಎರಡು ಸಲ ಬೇಗ ಒತ್ತಿದರೆ ಒಟ್ಟು ದೂರ ಹೇಳುತ್ತದೆ. ಹೇಳುವುದಕ್ಕೆ ಸುಲಭ. ನನಗೆ ಕೊಟ್ಟಿದ್ದ ಮೌಸಿಗೆ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುವ ರೋಗ. ಸೇತುವೆ ಹತ್ತುವಷ್ಟರಲ್ಲಿ ದಾರಿ ಮುಗಿಯಿತೆಂದು ತೀರ್ಮಾನಿಸಿ ದೂರ ಹೇಳಿಬಿಡುತ್ತಿತ್ತು. ಮತ್ತೆ ಮೊದಲಿನಿಂದ ಶುರು. ಮೂರನೇ ಸಲ ಸೇತುವೆ ಇಳಿದೆ, ನೆಟ್ ಹೋಯಿತು. ನಾಲ್ಕನೇ ಸಲ ಒಂದು ಸಂದಿ ಸರಿಯಾಗಿ ಕಾಣಲೆಂದು ನಕ್ಷೆಯನ್ನು ದೊಡ್ಡದು ಮಾಡಿದೆ, ಎಳೆದ ಗೆರೆಯೆಲ್ಲ ಮಾಯ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮೇಜಿನ ಮೇಲೆ ತಲೆಯಿಟ್ಟು ಆ ನಕ್ಷೆ ಮಾಡಿದವರ ವಂಶವನ್ನೆಲ್ಲ ಮನಸ್ಸಿನಲ್ಲೇ ಬೈದೆ. ಐದನೇ ಸಲ ಉಸಿರು ಬಿಗಿಹಿಡಿದು ನಲವತ್ತೆರಡು ಕ್ಲಿಕ್ ಮಾಡಿದೆ. ಎರಡು ಸಾವಿರದ ಆರುನೂರ ನಲವತ್ತು ಮೀಟರ್. ಪ್ರಿಂಟ್ ತೆಗೆದರೆ ನಕ್ಷೆ ಬಂತು, ಗೆರೆಯೂ ಇಲ್ಲ, ಅಂಕಿಯೂ ಇಲ್ಲ. ಕೆಂಪು ಪೆನ್ನಿನಲ್ಲಿ ನಾನೇ ಬರೆದೆ.

ಅದನ್ನು ಹಿಡಿದು ನಮ್ಮ ಅಧಿಕಾರಿ ಮುನಿರಾಜಪ್ಪನವರ ಮುಂದೆ ನಿಂತೆ. ಕೆಟ್ಟವರಲ್ಲ, ಕಾಗದ ಬಿಟ್ಟು ಆಚೆ ಈಚೆ ಹೆಜ್ಜೆಯಿಡದ ಮನುಷ್ಯ.

"ಸುತ್ತೋಲೇಲಿ ಏನಂತಿದೆಯಮ್ಮಾ ಹೇಮಶ್ರೀ? ಐನೂರು ಮೀಟರ್ ರೇಡಿಯಸ್. ನಡೆಯೋ ದಾರಿ ಅಂತ ಎಲ್ಲಾದ್ರೂ ಇದೆಯಾ?"

"ಸಾರ್, ಮಕ್ಕಳು ಹಾರ್ಕೊಂಡು ಹೋಗಲ್ವಲ್ಲ ಸಾರ್."

ಅವರು ನಗಲಿಲ್ಲ. ಕೆಂಪು ಗೆರೆಯ ಉದ್ದಕ್ಕೂ ಬೆರಳು ಓಡಿಸಿದರು. "ಪೆನ್ನಲ್ಲಿ ಬರೆದಿದ್ದನ್ನ ಇಟ್ಕೊಂಡು ನಾನು ಸಹಿ ಹಾಕಕ್ಕಾಗಲ್ಲ. ಗುರುವಾರ ಸ್ಥಳ ಪರಿಶೀಲನೆಗೆ ಬರ್ತೀನಿ. ಅವರ ಮನೆಯಿಂದ ಅಂಗನವಾಡಿವರೆಗೂ ನಾನೇ ನಡೆದು ನೋಡ್ತೀನಿ. ದೂರ ಅನ್ನಿಸಿದ್ರೆ ಹಾಗೇ ಬರೀತೀನಿ, ಸರೀನಾ?"

ಗೆದ್ದೆನೆಂದೇ ಅಂದುಕೊಂಡೆ. ಬಾಲಮ್ಮನ ಸಾಲಿನ ಪಕ್ಕದ ಅಂಗಡಿಗೆ ಫೋನ್ ಮಾಡಿ ಆಕೆಯನ್ನು ಕರೆಸಿದೆ. "ಗುರುವಾರ ಸಾಹೇಬ್ರು ಬರ್ತಾರೆ. ಅಂಗನವಾಡಿವರೆಗೂ ನಡೆಸ್ಕೊಂಡು ಹೋಗಿ ತೋರಿಸ್ಬೇಕು, ಗೊತ್ತಾಯ್ತಾ?" ಎಂದೆ. ಯಾವ ದಾರಿಯಲ್ಲಿ ಎಂದು ಹೇಳಲಿಲ್ಲ. ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಗುರುವಾರ ಸಾಹೇಬರೂ ನಾನೂ ಕಚೇರಿಯ ಜೀಪಿನಲ್ಲಿ ಹೋದೆವು. ಏಪ್ರಿಲ್ ತಿಂಗಳು, ಹನ್ನೊಂದೂವರೆಯ ಬಿಸಿಲು. ಸಾಲಿನ ಮುಂದೆ ಗುಡಿಸಿ ನೀರು ಹಾಕಿದ್ದರು. ಬಾಲಮ್ಮ ಮಂಡಕ್ಕಿ ವಗ್ಗರಣೆ, ಚಹಾ ಕೊಟ್ಟಳು. ಮುನಿರಾಜಪ್ಪನವರು ಎರಡು ಸಲ ಹಾಕಿಸಿಕೊಂಡು ತಿಂದರು. ಹಲಸೂರಿನಲ್ಲಿ ಅವರಿಗೆ ಒಂದು ಗಂಟೆಗೆ ಮೀಟಿಂಗ್ ಇತ್ತು. ವಾಚು ನೋಡಿಕೊಂಡು, "ಎಲ್ಲಿ, ಅಂಗನವಾಡಿ ತೋರ್ಸಿ ನೋಡೋಣ" ಎಂದು ಎದ್ದರು. ನಾನು ಒಳಗೆ ಮಕ್ಕಳ ಹೆಸರು ಬರೆದುಕೊಳ್ಳುತ್ತಿದ್ದೆ. ಹೊರಗೆ ಬಂದು ನೋಡಿದರೆ ಬಲಕ್ಕೆ, ಸೇತುವೆಯ ಕಡೆ ತಿರುಗಬೇಕಾದವರು ಎಡಕ್ಕೆ ತಿರುಗಿದ್ದಾರೆ. ಬಾಲಮ್ಮ ಎಲ್ಲಿಂದಲೋ ತಂದ ಕೊಡೆಯನ್ನು ಸಾಹೇಬರ ತಲೆಯ ಮೇಲೆ ಹಿಡಿದು ನಡೆಯುತ್ತಿದ್ದಾಳೆ. ಕೂಗುತ್ತ ಓಡಿದೆ. ದೂರದಲ್ಲಿ ರೈಲಿನ ಸದ್ದು, ನನ್ನ ಕೂಗು ಯಾರಿಗೂ ಕೇಳಲಿಲ್ಲ.

ಹಳಿಯ ಪಕ್ಕದ ಕಾಂಪೌಂಡಿನಲ್ಲಿ ಒಂದು ಕಿಂಡಿಯಿತ್ತು. ಬಗ್ಗಿ ನುಸುಳುವಷ್ಟು ಸಣ್ಣದು ಎಂದು ಬಾಲಮ್ಮ ನನಗೆ ಹೇಳಿದ್ದಳು. ಈಗ ಅದು ಬಾಗಿಲಿನಷ್ಟಿತ್ತು. ಸಾಹೇಬರ ಪ್ಯಾಂಟು ಕೊಳೆಯಾಗಬಾರದೆಂದು ಬೆಳಿಗ್ಗೆಯೇ ಅಮರಪ್ಪ ಕಲ್ಲು ಕಿತ್ತು ಅಗಲ ಮಾಡಿದ್ದ. ಆಚೆ ಇಳಿಯಲು ಎರಡು ಚಪ್ಪಡಿ ಇಟ್ಟು ಮೆಟ್ಟಿಲೂ ಕಟ್ಟಿದ್ದ. ನಾನು ಹತ್ತಿರ ಹೋಗುವಷ್ಟರಲ್ಲಿ ರೈಲು ಹಾದುಹೋಗಿ ಅವರು ಹಳಿ ದಾಟಿ ಆಗಿತ್ತು. ನಾನೂ ಹಿಂದೆಯೇ ದಾಟಿ ಓಡಿದೆ. ಮುನಿರಾಜಪ್ಪನವರು ಅಂಗನವಾಡಿಯ ಬಾಗಿಲಲ್ಲಿ ನಿಂತು ವಾಚು ನೋಡುತ್ತಿದ್ದರು.

"ರೈಲಿಗೆ ಕಾದಿದ್ದೂ ಸೇರಿಸಿ ಎಂಟು ನಿಮಿಷ. ಇದನ್ನ ದೂರ ಅಂತ ನಾನು ಹೇಗೆ ಬರೀಲಿ, ನೀನೇ ಹೇಳು."

"ಸಾರ್, ಇದು ದಾರಿ ಅಲ್ಲ ಸಾರ್. ಹಳಿ."

"ಜನ ಓಡಾಡ್ತಾರಲ್ಲಮ್ಮಾ. ಮೆಟ್ಟಿಲು ಬೇರೆ ಇದೆ."

"ಇನ್ನೊಂದ್ಸಲ ಆ ಕಡೆಯಿಂದ ನಡೆದು ನೋಡಿ ಸಾರ್, ದಯವಿಟ್ಟು."

"ಮೀಟಿಂಗ್ ಇದೆ" ಎಂದು ಜೀಪಿಗೆ ಫೋನ್ ಮಾಡಿದರು. ಜೀಪು ಸುತ್ತಿ ಬರಲು ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಹಿಡಿಯಿತು. ಅದನ್ನಾದರೂ ಬರೆಯಿರಿ ಎಂದು ಹೇಳಬೇಕೆನ್ನಿಸಿತು, ಗುತ್ತಿಗೆಯವಳ ನಾಲಿಗೆ ಅಷ್ಟು ಉದ್ದವಿರಲಿಲ್ಲ.

ಜೀಪು ಹೋದ ಮೇಲೆ ಬಾಲಮ್ಮನ ಮೇಲೆ ಹರಿಹಾಯ್ದೆ. "ಅಲ್ಲಾ ಬಾಲಮ್ಮ, ದೂರ ಅಂತ ತೋರ್ಸೋಕೆ ತಾನೇ ಕರ್ಕೊಂಡು ಬಂದಿದ್ದು? ಬ್ರಿಡ್ಜ್ ಮೇಲೆ ನಡೆಸ್ಬೇಕಿತ್ತು ಅವರನ್ನ! ಎಲ್ಲಾ ಹಾಳು ಮಾಡ್ಬಿಟ್ರಲ್ಲ!"

ಆಕೆ ಕೊಡೆ ಮಡಚುತ್ತಿದ್ದವಳು ನನ್ನನ್ನೇ ನೋಡಿದಳು. ನಾನು ಏನು ಕೇಳುತ್ತಿದ್ದೇನೆಂದೇ ಆಕೆಗೆ ಅರ್ಥವಾಗಲಿಲ್ಲ.

"ಇಂಥಾ ಬಿಸಲಾಗ್ರಿ? ನಮ್ಮ ಮನೀಗೆ ಬಂದ ದೊಡ್ಡ ಮನಷ್ಯಾರನ್ನ ಊರೆಲ್ಲ ಸುತ್ತಿಸಿ ಕರ್ಕೊಂಡು ಹೋಗೂದೇನ್ರಿ? ಹಂಗ ಯಾರರ ಮಾಡ್ತಾರೇನ್ರಿ ಮೇಡಮ್ಮಾರ?"

ಬಂದವರನ್ನು ಸುತ್ತಿಸುವುದು ನಾವು, ಕಚೇರಿಯವರು, ಮಾಡುವ ಕೆಲಸ. ಆಕೆಗೆ ಅದು ಬರುತ್ತಿರಲಿಲ್ಲ.

ವರದಿಯನ್ನು ಟೈಪು ಮಾಡಿದ್ದೂ ನಾನೇ. 'ಸ್ಥಳ ಪರಿಶೀಲಿಸಲಾಗಿ, ಹಾಲಿ ಕೇಂದ್ರವು ಎಂಟು ನಿಮಿಷದ ಕಾಲ್ನಡಿಗೆಯ ಅಂತರದಲ್ಲಿದ್ದು, ಸಾರ್ವಜನಿಕರು ನಿತ್ಯ ಬಳಸುವ ದಾರಿ ಇರುತ್ತದೆ.' ಅಂದು ಸಂಜೆ ಮನೆಗೆ ಹೋಗುವ ಬಾಣಸವಾಡಿ ಬಸ್ಸಿನಲ್ಲಿ ಕಂಡಕ್ಟರನ ಜೊತೆಯೂ ಜಗಳವಾಡಿದೆ.

ಹತ್ತು ದಿನಕ್ಕೆ ಬಾಲಮ್ಮ ಎರಡನೇ ತಿರಸ್ಕಾರದ ಕಾಗದ ಹಿಡಿದು ಬಂದಳು. ಅಳಲಿಲ್ಲ, ಬೈಯಲಿಲ್ಲ. ಕುರ್ಚಿಯನ್ನು ನನ್ನ ಪರದೆಯ ಹತ್ತಿರ ಎಳೆದುಕೊಂಡಳು.

"ಆ ಗುಂಡನ ಗೆರಿ ಇನ್ನೊಮ್ಮೆ ತೋರಸ್ರಿ."

ವೃತ್ತ ಎಳೆದು ತೋರಿಸಿದೆ.

"ಇದರಾಗ ನಮ್ಮನಿ ಯಾವ್ದು?"

ಬೆರಳಿಟ್ಟು ತೋರಿಸಿದೆ.

"ಗೆರಿ ಸರಸಾಕ ಬರಂಗಿಲ್ಲೇನ್ರಿ?"

"ಇಲ್ಲ ಬಾಲಮ್ಮ. ಅದು ನನ್ನ ಕೈಯಲ್ಲಿಲ್ಲ."

"ಹಂಗಾರ ನಾವು ಎಷ್ಟು ಸರಿದ್ರ ಹೊರಗ ಬೀಳ್ತೀವಿ, ಅಳದು ಹೇಳ್ರಿ."

ಸ್ಕೇಲಿನ ಗುಂಡಿ ಒತ್ತಿ ಆಕೆಯ ಮನೆಯಿಂದ ದಕ್ಷಿಣಕ್ಕೆ ಗೆರೆ ಎಳೆದೆ. ಎಪ್ಪತ್ತು ಮೀಟರಿಗೆ ವೃತ್ತ ಮುಗಿಯುತ್ತಿತ್ತು. ಅದರಾಚೆ ಚಲುವಯ್ಯ ಎಂಬ ಊರ ಹಿರಿಯರ ವಠಾರವಿದೆ, ಕೊನೆಯ ಮನೆ ಖಾಲಿ ಇದೆ ಎಂದಳು ಬಾಲಮ್ಮ. ಅಲ್ಲಿಯವರೆಗೆ ಅಳೆದೆ. ಅಂಗನವಾಡಿಯಿಂದ ಐನೂರ ಹನ್ನೆರಡು. ಸಾಲಿನ ಮಕ್ಕಳು ಖಾಲಿ ಸೈಟಿನ ಮೇಲೆ ನಡೆದುಬಿಟ್ಟರೆ ಸಾಕು, ಯಾವ ಹಳಿಯೂ ಅಡ್ಡವಿಲ್ಲ. ಆಕೆ ಅಂಕಿಯನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು ಎದ್ದು ಹೋದಳು.

ಮೇ ತಿಂಗಳ ಒಂದು ಸೋಮವಾರ ಗಂಡ ಹೆಂಡತಿ ಹತ್ತು ವರ್ಷದ ಸಾಮಾನನ್ನು ತಲೆಯ ಮೇಲೆ ಹೊತ್ತು ಮನೆ ಬದಲಾಯಿಸಿದರು. ಸೊಂಟ ಹೋದ ಹೆಂಗಸು ಮಂಚದ ಒಂದು ತುದಿ ಹಿಡಿದಳಂತೆ. ವಠಾರದ ಆ ಕೊನೆಯ ಮನೆಯ ಮುಂದಿನ ಕೋಣೆ ಅಂಗನವಾಡಿಗೆ, ಹಿಂದಿನ ಕತ್ತಲೆ ಕೋಣೆ ತಮಗೆ ಎಂದು ಹೊಸ ಅರ್ಜಿ ಬರೆಸಿ ತಂದಳು. ಅಂದು ಮುನಿರಾಜಪ್ಪನವರು ನನ್ನ ಮೇಜಿನ ಹತ್ತಿರವೇ ಇದ್ದರು. ನಾನು ಕ್ಲಿಕ್ ಮಾಡಿದೆ, ಐನೂರು ಹೊಡೆದೆ, ಒತ್ತಿದೆ. ಗುಲಾಬಿ ವೃತ್ತ ವಠಾರದ ಗೋಡೆಗೆ ಸ್ವಲ್ಪ ಮೊದಲೇ ನಿಂತಿತು.

"ನೋಡಿದ್ಯಾ, ಹೊರಗಿದೆ" ಎಂದರು ಮುನಿರಾಜಪ್ಪನವರು, ಜೇಬಿನಿಂದ ಪೆನ್ನು ತೆಗೆಯುತ್ತ. "ಮೊದಲೇ ಹಿಂಗೆ ಸರಿಯಾಗಿ ಅರ್ಜಿ ಹಾಕಿದ್ರೆ ಯಾವತ್ತೋ ಆಗೋಗ್ತಿತ್ತಲ್ಲಮ್ಮಾ." ನಿಂತುಕೊಂಡೇ ಸಹಿ ಹಾಕಿದರು.

ಬಾಲಮ್ಮ ಎರಡೂ ಕೈ ಜೋಡಿಸಿ ಬಗ್ಗಿದಳು. "ದೊಡ್ಡ ಉಪಕಾರ ಆತ್ರಿ ಸಾಹೇಬ್ರ. ಮಕ್ಕಳ ಪುಣ್ಯಾ ನಿಮಗ ತಟ್ಟತೈತಿ." ಅವರು ತಲೆಯಾಡಿಸಿ ತಮ್ಮ ಕೋಣೆಗೆ ಹೋದರು. ಆಕೆ ನನ್ನ ಕಡೆ ತಿರುಗಿದಳು.

"ಕಣ್ಣಾಗ ನೀರ್ಯಾಕ್ರಿ ಮೇಡಮ್ಮಾರ? ಕೆಲಸ ಆತಲ್ರಿ!"

ಸಿಟ್ಟು ಬಂದರೆ ನನಗೆ ಹಾಗೇ ಆಗುತ್ತದೆ ಎಂದೆ.

"ಯಾರ ಮ್ಯಾಲ್ರಿ ಸಿಟ್ಟು?"

ಹೇಳಲು ಒಂದು ಹೆಸರು ಹುಡುಕಿದೆ, ಸಿಗಲಿಲ್ಲ. ಅಷ್ಟು ದಿನವೂ ವೃತ್ತ ಎಳೆದವಳು ನಾನೇ.