ಅಪ್ಪ ಕಣ್ಣು ಪಿಳುಕಿಸಲಿಲ್ಲ

ಎರಡೂ ಕಾಲುಗಳನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದ ಮೇಲೂ ಅಪ್ಪ ಮೀಸೆಗೆ ಬಣ್ಣ ಹಚ್ಚಿಸಿಕೊಳ್ಳುವುದನ್ನು ಬಿಡಲಿಲ್ಲ. ಬಣ್ಣ ಮೇಲ್ದುಟಿಗೂ ಹತ್ತಿ ದಿನಗಟ್ಟಲೆ ಕಪ್ಪಗೆ ಉಳಿಯುತ್ತಿತ್ತು. ರಾಯಚೂರಿನ ಅಕ್ಕಿ ಗಿರಣಿಗಳ ಹಿಂದಿದ್ದ ಆ ವೃದ್ಧಾಶ್ರಮಕ್ಕೆ ತೌಡಿನ ಧೂಳು ಹಾರಿ ಬರುತ್ತಿತ್ತು. ಅದು ಮೀಸೆಯ ಮೇಲೆ ಕೂತರೆ ಝಾಡಿಸಿಕೊಂಡು, "ಕನ್ನಡಿ ತೋರ್ಸಲೇ" ಎಂದು ಪಕ್ಕದ ಮಂಚದ ಮುದುಕನನ್ನು ಗದರುತ್ತಿದ್ದ.

ನಮ್ಮ ಊರು ದೇವದುರ್ಗ. ಮೈಯಲ್ಲಿ ಶಕ್ತಿ ಇರುವ ತನಕ ಅಪ್ಪ ಭತ್ತದ ಲಾರಿ ಓಡಿಸಿದ. ಊರಿಗೆ ಬಂದವನು ಲಾರಿಯಿಂದ ಇಳಿಯುವ ಮೊದಲೇ ಕೂಗುತ್ತಿದ್ದುದು ಅಣ್ಣನ ಹೆಸರು. ಹಣ್ಣು, ಬೂಟು, ಅಂಗಿ ಎಲ್ಲ ಅವನಿಗೇ. ಒಮ್ಮೆ ಅಣ್ಣ ಕಲ್ಲೆಸೆದು ಲಾರಿಯ ಗಾಜು ಒಡೆದ. ಅಪ್ಪ ಬೆಲ್ಟು ಬಿಚ್ಚಿ ನನಗೆ ಹೊಡೆದ.

"ಅಂವ ಗಂಡುಹುಡುಗ, ಒಡೀತಾನ. ನಿನಗ ನೋಡ್ಕೊಳ್ಳಾಕ ಏನಾಗಿತ್ತು?"

ಅವ್ವ ಅಡ್ಡ ಬರಲಿಲ್ಲ. ಬಂದಿದ್ದರೆ ಅವಳಿಗೂ ಬೀಳುತ್ತಿತ್ತು.

ಸಕ್ಕರೆ ಕಾಯಿಲೆಗೆ ಕಾಲು ಹೋಗುವ ಹೊತ್ತಿಗೆ ಅವ್ವ ತೀರಿಕೊಂಡಿದ್ದಳು. ದೇವದುರ್ಗದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಅಣ್ಣ, ಹೆಂಡತಿಯಿಂದ ಆಗುವುದಿಲ್ಲ ಎಂದು ಅಪ್ಪನನ್ನು ಆಶ್ರಮಕ್ಕೆ ಸೇರಿಸಿದ. ಮಾನ್ವಿಯಲ್ಲಿರುವ ನನ್ನ ಮನೆಗೆ ಕರೆದೆ. "ಮಗಳ ಮನ್ಯಾಗ ಕುಂತು ಉಣ್ಣಾಕ ನನಗ ಮಗ ಇಲ್ಲೇನು?" ಎಂದ. ಅಂಗವಿಕಲರ ಮಾಸಾಶನವನ್ನಷ್ಟೇ ತೆಗೆದುಕೊಂಡು ಆಶ್ರಮದವರು ಅವನನ್ನು ಇಟ್ಟುಕೊಂಡರು. ಆ ಹಣ ತೆಗೆದು ಕಟ್ಟುವ ಬ್ಯಾಂಕಿನ ಕಾರ್ಡು ಅಣ್ಣನ ಕೈಯಲ್ಲಿತ್ತು. ಅದನ್ನು ನನಗೆ ಕೊಡಿಸುವ ಮಾತು ಬಂದಾಗಲೂ ಅಪ್ಪ ಒಪ್ಪಲಿಲ್ಲ.

ಮಾಸಾಶನ ನಿಲ್ಲದಿರಬೇಕಾದರೆ ವರ್ಷಕ್ಕೊಮ್ಮೆ ಅಪ್ಪ ಬದುಕಿದ್ದಾನೆಂದು ದೇವದುರ್ಗದ ಕಚೇರಿಯಲ್ಲಿ ತೋರಿಸಬೇಕಿತ್ತು. ಅದಕ್ಕಾಗಿ ಅಣ್ಣ ಕಾರು ಮಾಡಿಕೊಂಡು ಬರುತ್ತಿದ್ದ. ಅಪ್ಪನಿಗೆ ಅದೇ ಹಬ್ಬ. ಹಿಂದಿನ ದಿನವೇ ಮೀಸೆಗೆ ಬಣ್ಣ, ಇಸ್ತ್ರಿ ಮಾಡಿದ ಅಂಗಿ. ದಾರಿಯಲ್ಲಿ ಅಣ್ಣ ಕಾರು ನಿಲ್ಲಿಸಿ ಮಿರ್ಚಿ ಭಜಿ ಕೊಡಿಸಿದ್ದನ್ನು ವರ್ಷವಿಡೀ ಹೇಳುತ್ತಿದ್ದ. ಪ್ರತಿ ಭಾನುವಾರ ನಾನು ಬಸ್ಸಿನಲ್ಲಿ ಒಯ್ಯುತ್ತಿದ್ದ ರೊಟ್ಟಿ ಪಲ್ಯ ತಿನ್ನುತ್ತಲೇ ಹೇಳುತ್ತಿದ್ದ.

ಆಮೇಲೆ ಕಚೇರಿಗೆ ಹೋಗುವ ಗೋಜು ತಪ್ಪಿತು. ಮೊಬೈಲನ್ನು ಮುಖದ ಮುಂದೆ ಹಿಡಿದು ಕಣ್ಣು ಪಿಳುಕಿಸಿದರೆ ಸಾಕು, ಮನುಷ್ಯ ಬದುಕಿದ್ದಾನೆಂದು ದಾಖಲಾಗುತ್ತಿತ್ತು. ಅಣ್ಣ ಆಶ್ರಮಕ್ಕೆ ಫೋನ್ ಮಾಡಿ, ನೀವೇ ಮಾಡಿಸಿಬಿಡಿ ಎಂದ.

ಆಶ್ರಮದ ಮೇಲ್ವಿಚಾರಕಿ ಮೊಬೈಲ್ ಹಿಡಿದಳು. ಅಪ್ಪ ಕಣ್ಣು ಪಿಳುಕಿಸಲಿಲ್ಲ. ಇಡೀ ರಾತ್ರಿ ಲಾರಿ ಓಡಿಸಿದ ಕಣ್ಣುಗಳು ಅವು. ನೀರು ತುಂಬಿಕೊಂಡರೂ ರೆಪ್ಪೆ ಬೀಳಲಿಲ್ಲ. ಆಕೆ ಬೇಸತ್ತು ನನ್ನನ್ನು ಕರೆಸಿದಳು.

"ಯಪ್ಪಾ, ಒಂದ್ ಸಲ ಪಿಳುಕಿಸು. ರೊಕ್ಕ ನಿಂತ್ರ ಇಲ್ಲಿಂದ ಹೊರಗ ಹಾಕ್ತಾರ."

"ನಿನಗ ಪಿಳುಕಿಸಿದ್ರ ಅಂವ ಯಾಕ ಬರ್ತಾನ?"

"ನಾ ಬಂದೀನಲ್ಲ."

"ನೀ ಬರ್ತಿ. ನೀ ಬರದ ಇದ್ರ ಯಾರಿಗೇನು?"

ರೊಟ್ಟಿಯ ಡಬ್ಬಿ ಅವನ ಮಂಚದ ಮೇಲಿತ್ತು. ನಾನೇ ಬಿಚ್ಚಿ, ನಾನೇ ಮುರಿದು ಉಣಿಸಿದೆ. ಪೂರ್ತಿ ಉಂಡ.

ಅಣ್ಣನಿಗೆ ಫೋನ್ ಮಾಡಿದೆ. "ನಾಟಕ ಹಚ್ಯಾನ. ಬಿತ್ತಗಿ ಟೈಮದಾಗ ಅಂಗಡಿ ಬಿಟ್ಟು ಬರ್ಲೇನು? ಗದ್ದ ಹಿಡದು ಮಾಡ್ಸು" ಎಂದ.

ಕೊನೆಗೆ ಮಾಸಾಶನ ನಿಂತೇಬಿಟ್ಟಿತು. ಆಶ್ರಮದವರು ಸ್ವಲ್ಪ ದಿನ ತಡೆದು, ನಿಮ್ಮ ತಂದೆಯನ್ನು ಕರೆದುಕೊಂಡು ಹೋಗಿ ಎಂದು ಅಣ್ಣನಿಗೆ ಹೇಳಿದರು. ಆಗ ಬಂದ. ಕಾರಿಲ್ಲ, ಬೈಕಿನ ಮೇಲೆ. ಆ ದಿನ ನಾನೂ ಅಲ್ಲಿದ್ದೆ. ಅಪ್ಪ ಮೀಸೆಗೆ ಬಣ್ಣ ಹಚ್ಚಿಸಿಕೊಂಡು ಗೋಡೆಗೆ ಒರಗಿ ಕೂತಿದ್ದ. ಅಣ್ಣ ಕೂರಲಿಲ್ಲ. ಮೊಬೈಲ್ ತೆಗೆದು ಮುಖಕ್ಕೆ ಹಿಡಿದ.

"ಕೂಡಪಾ, ದಣದು ಬಂದಿ. ಮಿರ್ಚಿ ತರಸ್ತೀನಿ."

"ಮೊದ್ಲ ಕಣ್ಣ ಪಿಳುಕಿಸು."

ಅಪ್ಪ ಅಣ್ಣನ ಮುಖವನ್ನೇ ನೋಡುತ್ತ ಒಮ್ಮೆ ಪಿಳುಕಿಸಿದ. ಅಣ್ಣ ಮೊಬೈಲ್ ಕಿಸೆಗಿಟ್ಟು ಅವನ ಕಡೆಗೆ ಬಾಗಿದ.

"ಇನ್ನೊಂದ್ ಸಲ ಹಿಂಗ ಮಾಡಿದ್ರ ರೈಲ್ವೆ ಸ್ಟೇಷನ್ ಮುಂದ ಚೆಲ್ಲಿ ಹೋಗ್ತೀನಿ ನೋಡು. ಕಾಲಿಲ್ಲ ನಿನಗ. ಎಲ್ಲಿಗಿ ಹೋಗ್ತಿ?"

ಇಡೀ ಕೋಣೆಗೆ ಕೇಳಿಸಿತು. ಬೈಕಿನ ಸದ್ದು ದೂರವಾಯಿತು. ಅಪ್ಪ ಪಕ್ಕದ ಮಂಚದ ಕಡೆ ತಿರುಗಿದ.

"ನೋಡಿದೇನು ನನ್ನ ಮಗನ್ನ? ಇಂಥಾ ಸೀಜನ್‌ನ್ಯಾಗ ಅಂಗಡಿ ಮುಚ್ಚಿ ಬಂದಾನ."

ನಂತರ ನನ್ನನ್ನು ನೋಡಿ, "ನೀ ಯಾಕ ನಿಂತಿ? ಮಾನ್ವಿ ಬಸ್ ಹೋಗ್ತದ" ಎಂದ.

ಆ ಚಳಿಗಾಲದಲ್ಲಿ ಅಪ್ಪನಿಗೆ ಜ್ವರ ಹತ್ತಿತು, ಇಳಿಯಲಿಲ್ಲ. ಕೊನೆಯ ದಿನಗಳಲ್ಲಿ ನಾನು ಅಲ್ಲೇ ಇದ್ದೆ. ಮೈ ಒರೆಸಿದೆ, ಹೇಲು ಬಳಿದೆ, ಚಮಚದಲ್ಲಿ ಗಂಜಿ ಹಾಕಿದೆ. ಅಣ್ಣ ನಾಳೆ ಬರುತ್ತೇನೆ ಎನ್ನುತ್ತಲೇ ಇದ್ದ. ಒಂದು ಮಧ್ಯಾಹ್ನ ಅಪ್ಪ ಕೈ ಎತ್ತಿ ಏನೋ ಅಂದ. ನೀರು ಬೇಕೇನೋ ಎಂದು ಹತ್ತಿರ ಬಾಗಿದೆ.

"ಅತ್ತಾಗ ಸರಿ. ಬಾಗಲಕ್ಕ ಅಡ್ಡ ನಿಂದ್ರಬ್ಯಾಡ."

ಸರಿದು ನಿಂತೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಸಂಜೆಯೊಳಗೆ ಅಪ್ಪ ಹೋದ.

ಮಣ್ಣು ಮಾಡಲು ದೇವದುರ್ಗಕ್ಕೆ ಒಯ್ದೆವು. ಗುಂಡಿಯ ಮುಂದೆ ಅಣ್ಣ ಎದೆ ಬಡಿದುಕೊಂಡು ಅತ್ತ. ಎಷ್ಟು ನೋಡಿಕೊಂಡ ಮಗ ಎಂದು ಓಣಿಯವರು ಅವನ ಬೆನ್ನು ಸವರಿದರು.

"ಅಪ್ಪಗ ನಾ ಅಂದ್ರ ಜೀವ ಇತ್ರಿ" ಎಂದ ಅಣ್ಣ. ಆಮೇಲೆ ನನ್ನ ಕಡೆ ನೋಡಿ, "ಹೌದಿಲ್ಲ, ತಂಗೀ?" ಎಂದು ಕೇಳಿದ.

ಓಣಿಯವರೆಲ್ಲ ನನ್ನ ಕಡೆ ತಿರುಗಿದರು. ಅವನು ಸುಳ್ಳು ಹೇಳಿರಲಿಲ್ಲ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. "ಹೌದು" ಎಂದೆ, ಗುಂಡಿಗೆ ಹಾಕಲು ಹಿಡಿ ಮಣ್ಣು ತೆಗೆದುಕೊಂಡೆ.